ಕೆಂಚಕ್ಕ ಇಳಿಸಿದ್ದು

ಕನ್ನಡದಲ್ಲಿ ‘ಇಳಿಸು’ ಅಂತ ಒಂದು ಮಾತಿದೆ. ಮೂವತ್ತೊಂದು ವರ್ಷ ದಾವಣಗೆರೆಯ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದ ನನಗೆ ಆ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ಮೈ ಉರಿಯುತ್ತದೆ. ತಲೆ ಮೇಲಿನ ಹೊರೆ ಇಳಿಸುತ್ತೇವೆ. ಒಲೆ ಮೇಲಿನ ಅನ್ನದ ಪಾತ್ರೆ ಇಳಿಸುತ್ತೇವೆ. ಕಾಫಿಪುಡಿಗೆ ಕುದಿನೀರು ಹೊಯ್ದು ಡಿಕಾಕ್ಷನ್ ಇಳಿಸುತ್ತೇವೆ. ಹಳ್ಳದ ದಂಡೆಯಲ್ಲಿ ಕದ್ದು ಭಟ್ಟಿ ಹೂಡಿ ಸಾರಾಯಿ ಇಳಿಸುವವರು ಆಡುವುದೂ ಅದೇ ಮಾತು. ಏನನ್ನು ಇಳಿಸಿದರು ಎಂದು ಹೇಳದೆ ಬರೀ ‘ಇಳಿಸಿದರು’ ಎಂದರೆ ವಾಕ್ಯ ಪೂರ್ತಿಯಾಗುವುದಿಲ್ಲ, ಕರ್ಮಪದ ಬೇಕು. ಇದು ಐದನೇ ಕ್ಲಾಸಿನ ಹುಡುಗಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ಒಬ್ಬ ಪೊಲೀಸ್ ರೈಟರಿಗೆ. ಅವನ ಹೆಸರು ಸಣ್ಣತಿಮ್ಮಪ್ಪ. ಹರಿಹರದವನು, ಅಲ್ಲಿನ ಯಾವ ಠಾಣೆ ಎಂದು ನಾನು ಬರೆಯುವುದಿಲ್ಲ. ಹೆಸರು ಹೇಳಿ ಮೆರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವನು ಬರೆಯದೆ ಬಿಟ್ಟ ಒಂದೇ ಒಂದು ಪದದಿಂದ ಹೆಸರು ಕೆಡಿಸಿಕೊಂಡವಳು ನಮ್ಮ ಕೆಂಚಕ್ಕ.

ನಾನು ಟೀಚರ್ ಕೆಲಸ ಸಿಕ್ಕು ದಾವಣಗೆರೆಗೆ ಬಂದದ್ದು 1958ರಲ್ಲಿ. ಬಟ್ಟೆ ಗಿರಣಿಯ ಹಿಂದಿನ ಗಲ್ಲಿಯಲ್ಲಿ ಕೆಂಚಕ್ಕನ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಸೇರಿದೆ. ಆಗ ಆಕೆಗೆ ನಲವತ್ತರ ಆಸುಪಾಸು. ಎತ್ತರದ ಆಳು, ಗಟ್ಟಿ ದನಿ. ಮನಸ್ಸಿನಲ್ಲಿ ಇದ್ದದ್ದು ಬಾಯಲ್ಲಿ, ಬಾಯಲ್ಲಿ ಇದ್ದದ್ದು ಬೀದಿಯಲ್ಲಿ. ಮಕ್ಕಳಿರಲಿಲ್ಲ. ಗಂಡ ಪಾಲಯ್ಯ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದವ, ನಾನು ಬರುವ ಹೊತ್ತಿಗೆ ತೀರಿಕೊಂಡು ಐದು ವರ್ಷವಾಗಿತ್ತು.

ತೀರಿಕೊಂಡ ಅಂದರೆ ಹೇಗೆ? ನಮ್ಮ ಜಿಲ್ಲೆಯಲ್ಲಿ ಆಗ ಪಾನನಿರೋಧ. ಕಾಗದದ ಮೇಲೆ ಒಂದು ಹನಿ ಸಾರಾಯಿ ಸಿಗುವಂತಿಲ್ಲ. ಕದ್ದು ಮಾರುವವರ ಹತ್ತಿರ ಕೊಳ್ಳಲು ಪಾಲಯ್ಯನ ಕೈಯಲ್ಲಿ ಆಗುತ್ತಿರಲಿಲ್ಲ. ಬಡಗಿಗಳು ಕುರ್ಚಿಗೆ ಹಚ್ಚುವ ಪಾಲಿಶ್ ಕುಡಿದ. ಎರಡನೇ ದಿನ ಕಣ್ಣು ಹೋಯಿತು, ನಾಲ್ಕನೇ ದಿನ ಜೀವ ಹೋಯಿತು. ಆ ನಾಲ್ಕು ದಿನ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಕೆಂಚಕ್ಕ. ಅಂಥ ಹೆಂಗಸಿನ ಮೇಲೆ ಇವರು ಸಾರಾಯಿ ಕೇಸು ಹಾಕಿದರು ನೋಡಿ! ಎಲ್ಲಾದರೂ ಉಂಟೇ?

ಗಂಡ ಹೋದ ಮೇಲೆ ಆಕೆ ಒಂದು ಕಾಫಿ ಕ್ಲಬ್ಬಿನಲ್ಲಿ ಪಾತ್ರೆ ತೊಳೆದಳು. ಡಿಕಾಕ್ಷನ್ ಕಲಿತದ್ದು ಅಲ್ಲೇ. ಆದರೆ ಮಾರುವ ಯೋಚನೆ ಬಂದದ್ದು ಪಾಲಯ್ಯನ ಒಂದು ಹಳೇ ಮಾತಿನಿಂದ. ಬಹಳ ಹಿಂದೆ ಗಿರಣಿಯ ಯಂತ್ರ ಕೂಡಿಸಲು ಬಂದಿದ್ದ ಬಿಳಿಯ ಇಂಜಿನಿಯರೊಬ್ಬ ಊಟವಾದ ಮೇಲೆ ಕಾಫಿ ಹಾಕಿದ ಸಿಹಿ ಬ್ರಾಂದಿಯನ್ನು ಬೆರಳುದ್ದದ ಗ್ಲಾಸಿನಲ್ಲಿ ಕುಡಿಯುತ್ತಿದ್ದನಂತೆ. ಬಾಟಲಿಯ ತಳದಲ್ಲಿ ಉಳಿದದ್ದನ್ನು ಪಾಲಯ್ಯ ನೆಕ್ಕಿ ನೋಡಿ, ಮನೆಗೆ ಬಂದು ಹೇಳಿದ್ದ: “ಕಾಫಿನೇ ಕಣೇ. ಆದ್ರೆ ಗಂಟಲಾಗೆ ಬೆಂಕಿ ಇಟ್ಟಂಗೆ ಇಳೀತೈತೆ.”

ಇದನ್ನು ಕೆಂಚಕ್ಕ ನನಗೆ ಹೇಳುವಾಗ ಕಣ್ಣು ಕೆಂಪಾಗುತ್ತಿತ್ತು. “ಗಿರಣಿ ಬಿಟ್ಟು ಬರೋ ಗಂಡಸರಿಗೆ ಏನು ಬೇಕು ಹೇಳ್ರಿ ಅಕ್ಕೋರೇ? ಕೈಗೊಂದು ಬಾಟ್ಲಿ ಬೇಕು, ಗಂಟಲಿಗೊಂದು ಉರಿ ಬೇಕು. ತಗಳ್ರಪ್ಪ, ಎರಡೂ ನಾನು ಕೊಡ್ತೀನಿ. ಉರಿಗೆ ಶುಂಠಿ ಐತೆ, ಮೆಣಸು ಐತೆ. ಹೆಂಡ ಯಾಕ ಬೇಕು?”

ಹೀಗೆ ಹುಟ್ಟಿದ್ದು ಕೆಂಚಕ್ಕನ ಕಾಫಿಪಾಕ.

ಕಾಫಿಬೀಜ ತಂದು ಬಾಣಲೆಯಲ್ಲಿ ಹುರಿದು ಒರಳಲ್ಲಿ ಕುಟ್ಟುತ್ತಿದ್ದಳು. ಪುಡಿಯನ್ನು ತೆಳು ಬಟ್ಟೆಯ ಚೀಲಕ್ಕೆ ತುಂಬಿ, ತಾಮ್ರದ ಚರಿಗೆಯ ಬಾಯಿಗೆ ಕಟ್ಟಿ, ಕುದಿನೀರನ್ನು ಒಂದೊಂದೇ ಸೌಟು ಹೊಯ್ಯುತ್ತಿದ್ದಳು. ನನಗೆ ಶಾಲೆಗೆ ಹೊತ್ತಾಯಿತೆಂದು ಒಮ್ಮೆ ಚೀಲ ಹಿಂಡಲು ಹೋದರೆ ಕೈ ಮೇಲೆ ಹೊಡೆದಳು. “ತಾನಾಗೇ ಇಳೀಲಿ ಬಿಡ್ರಿ. ಹಿಂಡಿದ್ರೆ ಒಗರು ಬರ್ತೈತೆ.” ಆಮೇಲೆ ಬೆಲ್ಲದ ಪಾಕ. ಬೆರಳಿನ ನಡುವೆ ಎಳೆ ನಿಲ್ಲುವ ತನಕ ಕಾಯಿಸಿ, ಡಿಕಾಕ್ಷನ್ ಬೆರೆಸಿ, ಒಣಶುಂಠಿ, ಮೆಣಸು, ಏಲಕ್ಕಿ ಸಿಪ್ಪೆ ಹಾಕಿ ಮತ್ತೆ ಕುದಿಸುವುದು. ಜೇನಿನಷ್ಟು ಗಟ್ಟಿಯಾದರೇ ಅದು ಒಲೆ ಬಿಡುತ್ತಿತ್ತು. ಎರಡು ಚಮಚ ಪಾಕಕ್ಕೆ ಬಿಸಿ ಹಾಲನ್ನೋ ಬಿಸಿ ನೀರನ್ನೋ ಹೊಯ್ದರೆ ಒಂದು ಲೋಟ ಕಾಫಿ ತಯಾರು.

ಬಾಟಲಿ ಮಾತ್ರ ಒಣಗಿರಬೇಕು. ತೊಳೆದು, ಬೂದಿಯಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕುತ್ತಿದ್ದಳು. “ಒಂದು ಹನಿ ನೀರು ನಿಂತ್ರೂ ಹುಳಿತೈತೆ. ಹುಳಿತು ಅಂದ್ರೆ ಅದು ಕಾಫಿ ಅಲ್ಲ, ಪಾಲಯ್ಯನ ಸಾಮಾನು,” ಅನ್ನುವಳು. ಒಂದು ಬೇಸಿಗೆಯಲ್ಲಿ ಬುರುಗು ಬಂದ ಮೂರು ಬಾಟಲಿಗಳನ್ನು ಮೂಗು ಮುಚ್ಚಿಕೊಂಡು ಚರಂಡಿಗೆ ಸುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುರಿದು ಬಂದು ಸ್ನಾನ ಮಾಡಿದಳು, ಮೈಲಿಗೆಯಾದವರ ಹಾಗೆ.

ಬಾಟಲಿ ಕೊಡುತ್ತಿದ್ದವನು ಗುಜರಿ ಅಂಗಡಿಯ ಖಾಜಾ ಹುಸೇನ್. ಔಷಧಿಯದು, ಎಣ್ಣೆಯದು, ಪಾನನಿರೋಧ ಬರುವ ಮುಂಚಿನ ಬ್ರಾಂದಿಯದು, ಎಲ್ಲ ಬಾಟಲಿಯೂ ಅವನಲ್ಲಿದ್ದವು. ಕಾಗದದ ಲೇಬಲ್ಲನ್ನು ಕೆಂಚಕ್ಕ ಕೆರೆದು ತೆಗೆಯುತ್ತಿದ್ದಳು. ಗಾಜಿನ ಮೇಲೇ ಉಬ್ಬಿ ನಿಂತ ಇಂಗ್ಲಿಷ್ ಅಕ್ಷರಗಳನ್ನು ಏನು ಮಾಡುವುದು? ಆಕೆಗೆ ಅಕ್ಷರವೇ ಬಾರದು. ಅವು ಬಾಟಲಿಯ ಚಿತ್ತಾರ ಎಂದುಕೊಂಡಿದ್ದಳು. ನಾನಾದರೂ ಓದಿ ಹೇಳಬಹುದಿತ್ತು. ದಿನಾ ನೋಡುತ್ತಿದ್ದೆ, ಹೇಳಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ.

ಗಲ್ಲಿಯಲ್ಲಿ ನಲವತ್ತು ಮನೆಗೆ ಪಾಕ ಹೋಗುತ್ತಿತ್ತು. ‘ಕಾಫಿ ಕೆಂಚಕ್ಕ’ ಎಂದರೆ ಗಿರಣಿಯ ಗೇಟಿನಲ್ಲಿ ನಿಂತವರೂ ಮನೆ ತೋರಿಸುತ್ತಿದ್ದರು. ಗಂಡ ಕುಡಿಯುವುದು ಕಡಿಮೆ ಮಾಡಿದ ಅಂತ ಎಷ್ಟು ಹೆಂಗಸರು ಬಂದು ಆಕೆಯ ಕೈ ಹಿಡಿದುಕೊಂಡಿದ್ದರೋ ಲೆಕ್ಕವಿಲ್ಲ. ಹರಿಹರದ ಕಾರ್ಖಾನೆಯ ಕೆಲಸಗಾರರಿಂದಲೂ ಕೇಳಿಕೆ ಬಂತು. ಕಡರನಾಯಕನಹಳ್ಳಿಯಲ್ಲಿ ಆಕೆಯ ತವರು, ಹರಿಹರ ಆಕೆಗೆ ನೆಂಟರ ಮನೆಯ ಹಾಗೆ. ಗುರುವಾರಕ್ಕೊಮ್ಮೆ ಬುಟ್ಟಿಯಲ್ಲಿ ಹನ್ನೆರಡು ಬಾಟಲಿ ಇಟ್ಟುಕೊಂಡು ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದಳು. ನಡುವಿನ ಬಾತಿ ಸ್ಟೇಷನ್ ದಾಟುವಷ್ಟರಲ್ಲಿ ಡಬ್ಬಿಯ ಜನಕ್ಕೆಲ್ಲ ಆಕೆಯ ಪರಿಚಯವಾಗಿರುತ್ತಿತ್ತು.

1961ರ ಶಿವರಾತ್ರಿಯ ಹಿಂದಿನ ಗುರುವಾರ ಹರಿಹರದಲ್ಲಿ ಗಾಡಿ ಇಳಿದು ಹೊರಗೆ ಬಂದಾಗ ಇಬ್ಬರು ಪೇದೆಗಳು ಬುಟ್ಟಿ ತಡೆದರು. ಅಲ್ಲಿ ನಡೆದದ್ದನ್ನು ಕೆಂಚಕ್ಕ ನನಗೆ ನೂರು ಸಲ ಹೇಳಿದ್ದಾಳೆ, ನೂರು ಸಲವೂ ಒಂದಕ್ಷರ ಹೆಚ್ಚು ಕಡಿಮೆ ಆಗಿಲ್ಲ. ಬಟ್ಟೆ ಸರಿಸಿದರು. ಕಪ್ಪು ಪಾಕ, ಅರಗು ಹಾಕಿದ ಬಿರಡೆ, ಬ್ರಾಂದಿ ಎಂಬ ಉಬ್ಬಕ್ಷರ. ಅಷ್ಟು ಸಾಕಾಯಿತು, ಠಾಣೆಗೆ ಕರೆದುಕೊಂಡು ಹೋದರು. ಅಲ್ಲಿ ರೈಟರ್ ಸಣ್ಣತಿಮ್ಮಪ್ಪ ಕಾಗದ ತೆಗೆದು ಕೂತ.

“ಏನಮ್ಮಾ ಇದು?”

“ಕಾಫಿ ರೀ.”

“ಕಾಫೀನ ಯಾರಾದ್ರೂ ಬ್ರಾಂದಿ ಬಾಟ್ಲಿಗೆ ತುಂಬ್ತಾರಾ? ಎಲ್ಲಿಂದ ತಂದೆ, ನಿಜ ಹೇಳು.”

“ಎಲ್ಲಿಂದಲೂ ತಂದಿಲ್ಲ. ನಾನೇ ಮನ್ಯಾಗೆ ಇಳಿಸೀನಿ.”

ಅವನ ಮುಖ ಅರಳಿತಂತೆ. “ನೀನೇ ಇಳಿಸಿದ್ಯಾ?”

“ಹೂಂ ಮತ್ತೆ! ನಾನಲ್ದೆ ನಿಮ್ಮಪ್ಪ ಇಳಿಸ್ತಾನಾ?” ಅಂದಳಂತೆ ಈ ಮಹಾತಾಯಿ.

ಅವನು ಬರೆದ: ‘ಸದರಿ ದ್ರವವನ್ನು ನಾನೇ ನನ್ನ ಮನೆಯಲ್ಲಿ ಇಳಿಸಿರುತ್ತೇನೆ. ಮಾರಾಟಕ್ಕಾಗಿ ತಂದಿರುತ್ತೇನೆ.’ ಕೆಳಗೆ ಕೆಂಚಕ್ಕನ ಎಡಗೈ ಹೆಬ್ಬೆಟ್ಟು. ಕಾಫಿ ಎಂದು ಆಕೆ ಹೇಳಿದ್ದು ಅವನ ಎರಡು ಕಿವಿಯಲ್ಲಿ ಒಂದಕ್ಕೂ ಬೀಳಲಿಲ್ಲ. ‘ಸದರಿ ದ್ರವ’ವಂತೆ, ಸದರಿ ದ್ರವ! ಯಾವ ದ್ರವ ಎಂದು ಹೇಳದಿದ್ದರೆ ಅದೂ ಒಂದು ಕರ್ಮಪದವೇ?

ಸಂಜೆ ಜಾಮೀನಿಗೆ ನಿಂತವನು ಖಾಜಾ ಹುಸೇನ್. ಸುದ್ದಿ ಕೇಳಿ ಅಂಗಡಿ ಮುಚ್ಚಿ ಓಡಿದ್ದ. ಠಾಣೆಯಲ್ಲಿ ಅವನೂ ಸುಮ್ಮನಿರಲಿಲ್ಲ. ರೈಟರ್ ಮೇಜಿನ ಮೇಲಿದ್ದ ಮಸಿ ಬಾಟಲಿ ತೋರಿಸಿ ಹೇಳಿದನಂತೆ: “ಸಾಹೇಬ್ರೇ, ಇದೂ ನಮ್ಮ ಅಂಗಡಿ ಮಾಲೇ. ಇದರ ಮೇಲೂ ಅದೇ ಅಕ್ಷರ ಐತೆ. ಹಂಗಂದ್ರೆ ನೀವು ಬ್ರಾಂದೀಲಿ ಬರೀತೀರಾ?” ಅವರು ಅವನನ್ನು ಗದರಿಸಿ ಹೊರಗೆ ಕೂಡಿಸಿದರು.

ಮಾರನೇ ದಿನ ನಾನು ಠಾಣೆಗೆ ಅರ್ಜಿ ಬರೆಯಲು ಕೂತೆ. ಬುದ್ಧಿವಂತೆ ನಾನು! ‘ಇಳಿಸು’ ಎಂಬ ಮಾತೇ ಬೇಡವೆಂದು ‘ಕಾಫಿಯನ್ನು ತಯಾರಿಸಿದ್ದೇನೆ’ ಎಂದು ಬರೆದು ಓದಿದೆ. ಕೆಂಚಕ್ಕ ಕಾಗದಕ್ಕೆ ಕೈ ಅಡ್ಡ ಇಟ್ಟಳು.

“ನನ್ನ ಮಾತು ಯಾಕ ಬದಲಾಸ್ತೀರಿ ಅಕ್ಕೋರೇ? ನಾನು ಇಳಿಸೀನಿ ಅಂದದ್ದು ಖರೇ. ಈಗ ಇಲ್ಲ ಅಂದ್ರೆ ನಾನೇ ಸುಳ್ಳಿ ಆಗ್ತೀನಿ. ಕಾಫಿ ಅಂತ ಅಂದಿದ್ದೆ, ಅವನು ಬರೀಲಿಲ್ಲ. ಆ ಒಂದು ಮಾತು ಸೇರಿಸು ಅಂತ ಬರೀರಿ. ಮತ್ತೇನೂ ಬ್ಯಾಡ.”

ಹಾಗೇ ಬರೆದೆ. ಉತ್ತರವಿಲ್ಲ. ಮತ್ತೊಂದು ಬರೆದೆ. ಅದಕ್ಕೂ ಇಲ್ಲ. ಒಬ್ಬ ವಕೀಲರು ಮಾತ್ರ ಪುಕ್ಕಟೆ ಬುದ್ಧಿ ಹೇಳಿದರು: “ತಪ್ಪಾಯ್ತು ಅಂತ ಒಪ್ಕೊಂಡ್ಬಿಡಮ್ಮ. ಹೆಂಗಸು ಅಂತ ಸಣ್ಣ ದಂಡ ಹಾಕಿ ಬಿಡ್ತಾರೆ.” ಕೆಂಚಕ್ಕ ಎದ್ದು ಸೀರೆ ಕೊಡವಿದಳು. “ಪಾಲಯ್ಯನ್ನ ತಿಂದ ಸಾಮಾನನ್ನ ನಾನು ಇಳಿಸೀನಿ ಅಂತ ಒಪ್ಕೊಳ್ಳಾ? ನಿಮ್ಮ ಬುದ್ಧಿ ನಿಮ್ಮ ಹತ್ರಾನೇ ಇರ್ಲಿ, ಯಜಮಾನ್ರೇ.”

ಗಲ್ಲಿಯವರ ಬಾಯಿ ಅಷ್ಟರಲ್ಲಿ ತೆರೆದಿತ್ತು. ನಿನ್ನೆ ತನಕ ಪಾಕ ಒಯ್ದವರೇ “ಹೌದೇನವ್ವ? ಶುಂಠಿ ಅಂತ ಹೇಳಿ ಏನು ಕುಡಿಸಿದಳೋ ಏನೋ” ಅನ್ನತೊಡಗಿದರು. ಎದುರು ಮನೆಯ ಪುಟ್ಟಕ್ಕ ಸಮಾಧಾನ ಮಾಡಲು ಬಂದವಳು ಸುಮ್ಮನೆ ಕೂರದೆ, “ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ್ರೂ ಹೆಂಡ ಅಂತಾರಲ್ಲವ್ವ,” ಎಂದಳು.

“ಯಾವ ಈಚಲ ಮರನೇ?” ಕೆಂಚಕ್ಕ ತಿರುಗಿಬಿದ್ದಳು. “ನಾನು ಕೂತಿದ್ದು ನನ್ನ ಒಲೆ ಮುಂದೆ! ನೀನೇ ಬಂದು ಬೆಂಕಿ ಊದಿಲ್ಲೇನು?” ಪುಟ್ಟಕ್ಕ ತಲೆ ತಗ್ಗಿಸಿ ಎದ್ದು ಹೋದಳು.

ಇತ್ತ ಠಾಣೆಯಲ್ಲಿ ಏನು ನಡೆಯಿತು? ಹನ್ನೆರಡು ಬಾಟಲಿಗಳೂ ಬೀರುವಿನೊಳಗೆ ಸೇರಿದವು. ತಗಡಿನ ಮಾಡು, ಹರಿಹರದ ಬೇಸಿಗೆ. ಒಂದನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಲು ಮೂರು ತಿಂಗಳು ಹಿಡಿಯಿತು. ವರದಿ ಬಂತು: ದ್ರವದಲ್ಲಿ ಮದ್ಯಸಾರ ಇದೆ! ನಾನು ಕೇಳಿ ಕಂಗಾಲಾದೆ. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನಾನೂ ಕೆಂಚಕ್ಕನ ಮುಖವನ್ನು ಬೇರೆ ಥರ ನೋಡಿದೆ. ಆಕೆಗೆ ಅದು ಗೊತ್ತಾಯಿತು. ಒಳಗೆ ಹೋಗಿ ಕಾಫಿಬೀಜ ಹುರಿಯಲು ಕೂತಳು. ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೇಸು ನಡೆದದ್ದು ಆಷಾಢದಲ್ಲಿ. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಸರ್ಕಾರದ ಕಡೆಯವರು ಹೇಳಿಕೆ ಓದಿದರು, ವರದಿ ಓದಿದರು, ಬೀರುವಿನಲ್ಲಿ ಉಳಿದವುಗಳಲ್ಲಿ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟರು. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಕನ್ನಡಕದ ಮೇಲಿಂದ ನೋಡಿ, “ಹೇಳೋದು ಏನಾದರೂ ಇದೆಯೇನಮ್ಮಾ?” ಎಂದರು.

“ಐತ್ರಿ ಸ್ವಾಮಿ. ಆ ಬಾಟ್ಲೀನ ಒಂದೀಟು ಬಗ್ಗಿಸ್ರಿ.”

ಅವರು ಬಗ್ಗಿಸಿದರು. ಒಳಗಿದ್ದದ್ದು ಗಳಕ್ಕನೆ ಕತ್ತಿನ ತನಕ ನುಗ್ಗಿ ಬಂತು, ಮೇಲೆ ನೊರೆ.

ಕೆಂಚಕ್ಕ ಸೆರಗಿನೊಳಗಿಂದ ತನ್ನದೊಂದು ಬಾಟಲಿ ತೆಗೆದಳು. ಹಿಂದಿನ ದಿನ ತುಂಬಿದ್ದು. “ಇದನ್ನೂ ಬಗ್ಗಿಸ್ರಿ.”

ಬಗ್ಗಿಸಿದರು. ಪಾಕ ಕದಲಲಿಲ್ಲ. ಆಮೇಲೆ ನಿಧಾನಕ್ಕೆ, ಹರಳೆಣ್ಣೆ ಸರಿದ ಹಾಗೆ, ಗಾಜಿಗೆ ಅಂಟಿಕೊಂಡು ಸರಿಯಿತು. ಕೋರ್ಟಿನಲ್ಲಿ ಎಲ್ಲರೂ ಕತ್ತು ಚಾಚಿದರು.

“ನನ್ನ ಪಾಕ ಹಂಗೆ ಕುಲುಕಾಡಲ್ಲ ಸ್ವಾಮಿ. ಅದರಾಗೆ ನೀರೈತೆ. ನೀರು ಹಾಕಿದೋರು ಯಾರು? ಅರ್ಧ ಕುಡಿದು, ಕಡಿಮೆ ಆಯ್ತು ಅಂತ ನೀರು ತುಂಬ್ಯಾರೆ. ನೀರು ಬಿದ್ರೆ ಹುಳಿತೈತೆ ಅಂತ ಇವರಿಗೇನು ಗೊತ್ತು, ಒಲೆ ಮುಂದೆ ಕೂತೋರಾ? ಬ್ಯಾಸಿಗೆ ಪೂರಾ ಅವರ ಬೀರುವಿನಾಗೆ ಹುಳಿತು. ಸಾರಾಯಿ ಮಾಡಿದೋರು ಅವರು. ಹೆಬ್ಬೆಟ್ಟು ಮಾತ್ರ ನಂದು!”

ಸಣ್ಣತಿಮ್ಮಪ್ಪ ಗೋಡೆಯ ಹತ್ತಿರ ನಿಂತಿದ್ದ. ಅವನೂ ಪೇದೆಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಇವು ಹಾಲು ಕಾಯಿಸಿ, ಪಾಕ ಬೆರೆಸಿ, ಕೂತು ಕುಡಿದ ಬೆಕ್ಕುಗಳು. ಬಿರಡೆಯ ಅರಗು ಯಾಕೆ ಒಡೆದಿದೆ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಒಬ್ಬ ಪೇದೆ ಮತ್ತೊಬ್ಬನ ಹಿಂದೆ ಸರಿದ.

ಹದಿನೈದು ದಿನಕ್ಕೆ ತೀರ್ಪು ಬಂತು. ಬಿಡುಗಡೆ. ನಾನು ಕುಣಿಯುವುದೊಂದು ಬಾಕಿ. ಕೆಂಚಕ್ಕ ಮಾತ್ರ, “ಏನಂತ ಬರೆದಾರೆ, ಪೂರಾ ಓದ್ರಿ,” ಎಂದಳು. ಓದಿದೆ: ಆರೋಪಿಗೆ ಅನುಮಾನದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ.

“ಅನುಮಾನದ ಲಾಭ ಅಂದ್ರೆ?”

ಹೇಳಿದೆ. ತಪ್ಪು ಮಾಡಿದ್ದಾರೋ ಇಲ್ಲವೋ ಗಟ್ಟಿಯಾಗಿ ತಿಳಿಯದಿದ್ದಾಗ ಹಾಗೆ ಬರೆಯುತ್ತಾರೆ ಅಂದೆ.

“ತಿಳೀದೆ ಏನು? ಕಣ್ಣಾರೆ ನೋಡಿದ್ರಲ್ಲ!” ಆಕೆಯ ದನಿಗೆ ಕೋರ್ಟಿನ ಅಂಗಳದಲ್ಲಿದ್ದವರೆಲ್ಲ ತಿರುಗಿದರು. “ಅನುಮಾನ ಅವರದ್ದು, ಲಾಭ ನನಗಾ? ನನಗೆ ಬ್ಯಾಡ ಆ ಲಾಭ. ಕಾಫಿ ಅಂತ ಬರೀರಿ ಅಂದ್ರೆ ಯಾಕ ಇಷ್ಟು ಕಷ್ಟ ಇವರಿಗೆ? ಎರಡಕ್ಷರ!”

ಒಳಗೆ ಹೋಗಿ ಗುಮಾಸ್ತರನ್ನು ಕೇಳಿದೆವು. ದಾಖಲೆ ತಿದ್ದಲು ಬರುವುದಿಲ್ಲ, ಬಿಟ್ಟಿದ್ದಾರಲ್ಲ, ಮನೆಗೆ ಹೋಗಿ ಅಂದರು.

ಮನೆಗೆ ಬಂದೆವು. ಅನುಮಾನ ನಮಗಿಂತ ಮುಂಚೆ ಬಂದಿತ್ತು. ‘ಕಾಫಿ ಕೆಂಚಕ್ಕ’ ಹೋಗಿ ‘ಭಟ್ಟಿ ಕೆಂಚಕ್ಕ’ ಆಗಿದ್ದಳು. ಹೆಂಗಸರು ಪಾಕ ಕೊಳ್ಳುವುದನ್ನು ಬಿಟ್ಟರು. ಹೊಸದಾಗಿ ಬಂದ ಗಂಡಸರು ಕಾಫಿಗೆ ಬಂದವರಲ್ಲ, ಕಣ್ಣು ಮಿಟುಕಿಸಿ “ಒಳಗಿಂದು ಕೊಡಕ್ಕ” ಅನ್ನುವವರು. ಅಂಥವನೊಬ್ಬನಿಗೆ ಆಕೆ ಸೌಟಿನಿಂದ ಬಾರಿಸಿದಳು. ಆ ವಾರವೇ ಉಳಿದ ಬಾಟಲಿಗಳನ್ನು ಖಾಜಾ ಹುಸೇನನಿಗೆ ಹಿಂದಿರುಗಿಸಿ, ಮತ್ತೆ ಕಾಫಿ ಕ್ಲಬ್ಬಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಯಾರ ತಪ್ಪಿಗೆ ಯಾರು ಪಾತ್ರೆ ತೊಳೆಯಬೇಕು ಹೇಳಿ.

ಆರು ವರ್ಷ ಹೀಗೆ ಹೋಯಿತು. 1967ರಲ್ಲಿ ಸರ್ಕಾರ ಪಾನನಿರೋಧವನ್ನೇ ತೆಗೆದುಹಾಕಿತು. ನಮ್ಮ ಗಲ್ಲಿಯ ತಲೆಗೇ ಸಾರಾಯಿ ಅಂಗಡಿ ಬಂತು, ಬೋರ್ಡು ಹಾಕಿಕೊಂಡು, ಮೊದಲ ದಿನ ಊದುಬತ್ತಿ ಹಚ್ಚಿಕೊಂಡು. ಒಂದು ದಿನ ಆ ಅಂಗಡಿಗೆ ರಜೆ. ಮಧ್ಯಾಹ್ನ ಒಬ್ಬ ನಮ್ಮ ಬಾಗಿಲಿಗೆ ಬಂದು ನಿಂತು, “ಅಕ್ಕಾ, ನೀನು ಇಳಿಸಿದ್ದು ಇದ್ರೆ ಒಂದು ಪಾವು ಕೊಡು. ಈಗ ಹೆದರಿಕೆ ಇಲ್ಲಲ್ಲ,” ಎಂದ. ಕುಡಿದವನಲ್ಲ. ಮರ್ಯಾದೆಯಿಂದಲೇ ಕೇಳಿದ. ಅದೇ ಆಕೆಯನ್ನು ಇರಿದದ್ದು.

ಮಾರನೇ ಬೆಳಿಗ್ಗೆ ತೀರ್ಪಿನ ನಕಲು ಹಿಡಿದು, “ನಡೀರಿ ಅಕ್ಕೋರೇ, ಹರಿಹರಕ್ಕೆ,” ಎಂದಳು.

ಸಣ್ಣತಿಮ್ಮಪ್ಪ ಅದೇ ಕುರ್ಚಿಯಲ್ಲಿದ್ದ. ತಲೆ ನರೆತಿತ್ತು. ನಮ್ಮನ್ನು ಗುರುತು ಹಿಡಿದು, “ಕೂಡ್ರಿ ಅಮ್ಮಾ,” ಎಂದ. ಕೆಂಚಕ್ಕ ಕೂರಲಿಲ್ಲ. ಕಾಫಿ ಎಂಬ ಮಾತು ಸೇರಿಸು ಎಂದಳು. ಅವನು ನಿಟ್ಟುಸಿರು ಬಿಟ್ಟು, “ಅಮ್ಮಾ, ಈಗ ಸಾರಾಯಿ ಮಾರೋದೂ ತಪ್ಪಲ್ಲ. ಸರ್ಕಾರನೇ ಹರಾಜು ಹಾಕಿ ಮಾರಿಸ್ತೈತೆ. ಆ ಹಳೇ ಕಾಗದ ಕಟ್ಟಿಕೊಂಡು ಏನು ಮಾಡ್ತೀರಿ? ಇನ್ನು ನಿಮ್ಮನ್ನ ಯಾರೂ ಏನೂ ಅನ್ನಂಗಿಲ್ಲ,” ಎಂದ.

“ಅದು ತಪ್ಪಲ್ಲ ಅಂತ ಸರ್ಕಾರ ಬೇಕಾದ್ರೆ ಬರಕೊಳ್ಳಲಿ,” ಎಂದಳು ಕೆಂಚಕ್ಕ. ಮೊದಲ ಬಾರಿಗೆ ಆಕೆಯ ದನಿ ಒಡೆಯಿತು. “ನಾನು ಅದನ್ನ ಮಾಡಿಲ್ಲ ಅಂತ ನೀನು ಬರಿ. ನನ್ನ ಗಂಡನ್ನ ತಿಂದದ್ದನ್ನ ನಾನು ಇಳಿಸಿಲ್ಲಪ್ಪ. ಬರಿ.”

ಅವನು ಪೆನ್ನು ಎತ್ತಿಕೊಂಡ. ಕೈಯಲ್ಲಿ ತಿರುಗಿಸಿದ. ಮತ್ತೆ ಮೇಜಿನ ಮೇಲಿಟ್ಟ. “ಆ ಫೈಲು ಈಗ ಎಲ್ಲೈತೋ ಗೊತ್ತಿಲ್ಲಮ್ಮ,” ಎಂದ.

ವಾಪಸು ಬರುವಾಗ ಗಾಡಿಯಲ್ಲಿ ಕೆಂಚಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಡಬ್ಬಿಯ ಜನಕ್ಕೆ ಆಕೆ ಯಾರೆಂದು ತಿಳಿಯಲೇ ಇಲ್ಲ.

ಆಕೆ ಸತ್ತದ್ದು 1974ರಲ್ಲಿ. ಹೆಣ ಎತ್ತುವಾಗಲೂ ಹಿಂದೆ ಯಾರೋ “ಯಾರು, ಭಟ್ಟಿ ಕೆಂಚಕ್ಕನಾ?” ಎಂದು ಕೇಳಿದರು. ನನಗೆ ಕೇಳಿಸಿತು. ಫೈಲು ಎಲ್ಲಿದೆಯೋ ನನಗೂ ಗೊತ್ತಿಲ್ಲ, ಗೆದ್ದಲು ತಿಂದಿರಬಹುದು. ಆದರೆ ನನ್ನ ಹತ್ತಿರವೂ ಪೆನ್ನಿದೆ, ಕಾಗದವಿದೆ, ಮೂವತ್ತೊಂದು ವರ್ಷ ಮಕ್ಕಳ ತಪ್ಪು ತಿದ್ದಿದ ಕೈಯಿದೆ. ಸಣ್ಣತಿಮ್ಮಪ್ಪ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ನಾನು ಪೂರ್ತಿ ಮಾಡುತ್ತಿದ್ದೇನೆ: ದಾವಣಗೆರೆಯ ಪಾಲಯ್ಯನ ಹೆಂಡತಿ ಕೆಂಚಕ್ಕ ತನ್ನ ಮನೆಯಲ್ಲಿ ಕಾಫಿ ಇಳಿಸಿದಳು.